ಮೂರೂವರೆ ಸುತ್ತು



ಚಳಿಗಾಲದ ಒಲಿಂಪಿಕ್ಸ್ ನಡೆಯುವಾಗ ನಿಮ್ಮಲ್ಲಿ ಹಲವರು ದೂರದರ್ಶನದಲ್ಲಿ ಫಿಗರ್ ಸ್ಕೇಟಿಂಗ್ ನೋಡಿರಬಹುದು. ಮಂಜುಗಡ್ಡೆಯ ಅಂಗಳ, ಹಿನ್ನೆಲೆಯಲ್ಲಿ ಸಂಗೀತ, ಉಕ್ಕಿನ ಅಲಗುಳ್ಳ ಬೂಟು ತೊಟ್ಟು ಜಾರುತ್ತಾ ಬಂದು, ಇದ್ದಕ್ಕಿದ್ದಂತೆ ಮೇಲಕ್ಕೆ ಹಾರಿ, ಬುಗುರಿಯಂತೆ ಸುತ್ತಿ ಒಂಟಿ ಕಾಲಿನ ಮೇಲೆ ಇಳಿಯುವ ಆಟಗಾರರು. ನಮಗೆ ಅದು ನೃತ್ಯದಂತೆ ಕಾಣುತ್ತದೆ. ಅಂಗಳದ ಪಕ್ಕದಲ್ಲಿ ಕುಳಿತ ತೀರ್ಪುಗಾರರು ಮಾತ್ರ ಲೆಕ್ಕ ಹಾಕುತ್ತಿರುತ್ತಾರೆ. ಎಷ್ಟು ಸುತ್ತು ಆಯಿತು, ಅಲಗಿನ ಯಾವ ಅಂಚಿನಿಂದ ಹಾರಿದರು, ಇಳಿಯುವಾಗ ಸುತ್ತು ಪೂರ್ತಿಯಾಗಿತ್ತೇ ಇಲ್ಲವೇ ಎಂಬುದನ್ನೆಲ್ಲ ಅಳೆದು ಅಂಕ ಕೊಡುತ್ತಾರೆ. ಈ ಲೆಕ್ಕದ ಜೊತೆ ತನ್ನ ಬಾಲ್ಯ, ಯೌವನಗಳನ್ನೆಲ್ಲ ಸೆಣಸಿದ ಜಪಾನಿನ ಒಬ್ಬ ಆಟಗಾರ್ತಿಯ ಬಗ್ಗೆ ಇಂದು ಮಾತನಾಡುತ್ತೇನೆ. ಆಕೆಯ ಹೆಸರು ಮಾವೊ ಅಸಾದಾ.

ಮಾವೊ ಹುಟ್ಟಿದ್ದು 1990ರ ಸೆಪ್ಟೆಂಬರ್ 25ರಂದು, ಐಚಿ ಪ್ರಾಂತದ ನಗೋಯಾ ನಗರದಲ್ಲಿ. ನಗೋಯಾ ಕಾರ್ಖಾನೆಗಳ ಊರು. ಮೋಟಾರು ವಾಹನ ತಯಾರಿಕೆಗೆ ಹೆಸರಾದ ಪ್ರದೇಶ. ಆದರೆ ಸ್ಕೇಟಿಂಗ್ ಬಲ್ಲವರಿಗೆ ಆ ಊರು ಇನ್ನೊಬ್ಬಳಿಂದ ಪರಿಚಿತ. ಮಿದೋರಿ ಇತೊ ಅಲ್ಲಿಯವಳು. 1989ರಲ್ಲಿ ಪ್ಯಾರಿಸ್ಸಿನಲ್ಲಿ ವಿಶ್ವ ಚಾಂಪಿಯನ್ ಆದ ಇತೊ, ಆ ಪಟ್ಟ ಪಡೆದ ಏಷ್ಯಾದ ಮೊದಲ ಮಹಿಳೆ. ಅದಕ್ಕೂ ಒಂದು ವರ್ಷ ಮೊದಲು, 1988ರಲ್ಲಿ, ಸ್ಪರ್ಧೆಯೊಂದರಲ್ಲಿ ಟ್ರಿಪಲ್ ಆಕ್ಸೆಲ್ ಎಂಬ ಜಿಗಿತವನ್ನು ಸಾಧಿಸಿದ ಮೊದಲ ಮಹಿಳೆಯೂ ಅವಳೇ. ಇತೊಗೆ ಕಲಿಸಿದ ಮಚಿಕೊ ಯಮಾದಾ ಅವರ ಕೈಕೆಳಗೇ ಪುಟ್ಟ ಮಾವೊ ಕೂಡ ಬೆಳೆದಳು. ಐದನೆಯ ವಯಸ್ಸಿನಲ್ಲಿ ಮಂಜುಗಡ್ಡೆಗೆ ಕಾಲಿಟ್ಟ ಆಕೆಗೆ ಅಕ್ಕ ಮಾಯಿ ಜೊತೆಗಾತಿ. ಇತೊಳ ಆ ಜಿಗಿತವೇ ಮಾವೊಳ ಹುಚ್ಚಾಯಿತು.

ಏನಿದು ಟ್ರಿಪಲ್ ಆಕ್ಸೆಲ್? ಸ್ವಲ್ಪ ಗಮನವಿಟ್ಟು ಕೇಳಿ, ಮುಂದಿನ ಕಥೆಯೆಲ್ಲ ಇದರ ಮೇಲೆಯೇ ನಿಂತಿದೆ. ಸ್ಕೇಟಿಂಗ್‌ನಲ್ಲಿ ಮುಖ್ಯವಾದ ಜಿಗಿತಗಳು ಆರು ಬಗೆ. ಐದರಲ್ಲಿ ಆಟಗಾರರು ಹಿಂದು ಹಿಂದಕ್ಕೆ ಜಾರುತ್ತಾ ಹಾರುತ್ತಾರೆ, ಹಿಂದಕ್ಕೆ ಜಾರುತ್ತಲೇ ಇಳಿಯುತ್ತಾರೆ. ಆಕ್ಸೆಲ್ ಒಂದರಲ್ಲಿ ಮಾತ್ರ ಮುಂದೆ ಮುಖ ಮಾಡಿ ಹಾರಬೇಕು, ಇಳಿಯುವುದು ಹಿಂದಕ್ಕೇ. ಹೀಗಾಗಿ ಅರ್ಧ ಸುತ್ತು ಹೆಚ್ಚಾಗುತ್ತದೆ. 1882ರಲ್ಲಿ ಇದನ್ನು ಮಾಡಿ ತೋರಿಸಿದ ನಾರ್ವೆಯ ಆಕ್ಸೆಲ್ ಪೌಲ್ಸೆನ್‌ನ ಹೆಸರೇ ಇದಕ್ಕೆ ನಿಂತಿದೆ. ಟ್ರಿಪಲ್ ಎಂದರೆ ಮೂರು ಸುತ್ತು, ಜೊತೆಗೆ ಆ ಅರ್ಧ. ಗಾಳಿಯಲ್ಲಿ ಸಿಗುವ ಸಮಯ ಒಂದು ಸೆಕೆಂಡಿನ ಮೂರನೇ ಎರಡು ಭಾಗದಷ್ಟು. ಅಷ್ಟರೊಳಗೆ ಮೂರೂವರೆ ಸುತ್ತು ಮುಗಿಯಬೇಕಾದರೆ ನಿಮಿಷಕ್ಕೆ ಮುನ್ನೂರು ಸುತ್ತಿಗೂ ಮೀರಿದ ವೇಗ ಬೇಕು. ಕೈಗಳನ್ನು ಎದೆಗೆ ಅವುಚಿಕೊಂಡಷ್ಟೂ ವೇಗ ಏರುತ್ತದೆ. ಭೌತಶಾಸ್ತ್ರದ ತರಗತಿಯಲ್ಲಿ ತಿರುಗುವ ಕುರ್ಚಿಯ ಪ್ರಯೋಗ ಮಾಡಿದವರಿಗೆ ಇದು ಗೊತ್ತಿರುತ್ತದೆ. ಎಳೆಯ, ಸಣಕಲು ದೇಹಕ್ಕೆ ಈ ಕೆಲಸ ಸುಲಭ. ದೇಹ ಬೆಳೆದಂತೆ, ತೂಕ ಹಂಚಿಕೆ ಬದಲಾದಂತೆ, ನಿನ್ನೆ ಬಂದ ಜಿಗಿತ ಇವತ್ತು ಕೈಕೊಡುತ್ತದೆ. ಹುಡುಗಿಯರ ಸ್ಕೇಟಿಂಗ್‌ನ ದೊಡ್ಡ ಸಂಕಟವೇ ಇದು.

ಮಾವೊ ಹದಿನಾಲ್ಕರಲ್ಲಿ, 2004ರ ಡಿಸೆಂಬರಿನ ಜೂನಿಯರ್ ಗ್ರಾಂಡ್ ಪ್ರಿ ಫೈನಲ್‌ನಲ್ಲಿ ಆ ಜಿಗಿತವನ್ನು ಮಾಡಿ ಗೆದ್ದಳು. ಮರುವರ್ಷ ಕಿರಿಯರ ವಿಶ್ವ ಪ್ರಶಸ್ತಿ. 2005ರ ಡಿಸೆಂಬರಿನಲ್ಲಿ ಟೋಕಿಯೊದಲ್ಲಿ ನಡೆದ ಹಿರಿಯರ ಗ್ರಾಂಡ್ ಪ್ರಿ ಫೈನಲ್‌ನಲ್ಲಂತೂ ಆಗಿನ ವಿಶ್ವ ಚಾಂಪಿಯನ್ ರಷ್ಯದ ಇರಿನಾ ಸ್ಲುತ್ಸ್ಕಾಯಾಳನ್ನೇ ಹಿಂದಿಕ್ಕಿದಳು. ಒಲಿಂಪಿಕ್ಸ್‌ಗೆ ಉಳಿದಿದ್ದುದು ಎರಡೇ ತಿಂಗಳು. ಆದರೆ ಮಾವೊ ಟುರಿನ್‌ಗೆ ಹೋಗುವಂತಿರಲಿಲ್ಲ. ಒಲಿಂಪಿಕ್ಸ್‌ಗೆ ಮುಂಚಿನ ಜುಲೈ 1ಕ್ಕೆ ಮೊದಲು ಹದಿನೈದು ತುಂಬಿರಬೇಕೆಂಬುದು ನಿಯಮ. ಆಕೆಗೆ 87 ದಿನ ಕಡಿಮೆ ಬಿದ್ದಿತ್ತು. ಜಪಾನಿನಲ್ಲಿ ಭಾರಿ ಚರ್ಚೆಯಾಯಿತು, ನಿಯಮ ಬದಲಾಗಲಿಲ್ಲ. ಬದಲಾಗದಿದ್ದುದೇ ಸರಿ ಎಂದು ನನಗನ್ನಿಸುತ್ತದೆ. ಎಳೆಯ ಮೂಳೆಗಳನ್ನು ಕಾಯಲು ಮಾಡಿದ ನಿಯಮವನ್ನು ಗೆಲ್ಲುವವರಿಗಾಗಿ ಸಡಿಲಿಸಿದರೆ, ಮರುದಿನ ಇನ್ನೂ ಎಳೆಯ ಮಗುವನ್ನು ತಂದು ನಿಲ್ಲಿಸುತ್ತಾರೆ. 2006ರ ಆ ಕೂಟದಲ್ಲಿ ಜಪಾನಿನದೇ ಶಿಜುಕಾ ಅರಕಾವಾ ಚಿನ್ನ ಗೆದ್ದಳು. ಆ ಸಲ ಜಪಾನಿಗೆ ಬಂದ ಪದಕ ಅದೊಂದೇ.

ಮಾವೊ ನಾಲ್ಕು ವರ್ಷ ಕಾಯಬೇಕಾಯಿತು. 2008ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ವಿಶ್ವ ಪ್ರಶಸ್ತಿ ಬಂತು. ಅದೂ ಹೇಗೆ? ಆಕ್ಸೆಲ್‌ಗೆ ಹಾರುವ ಹೊತ್ತಿಗೇ ಕಾಲು ಜಾರಿ, ಉದ್ದಕ್ಕೆ ಬಿದ್ದು, ಅಂಗಳದ ಅಂಚಿನ ಹಲಗೆಯವರೆಗೆ ಜಾರಿಹೋಗಿ, ಎದ್ದು ಬಂದು ಉಳಿದದ್ದನ್ನೆಲ್ಲ ಚೊಕ್ಕಟವಾಗಿ ಮುಗಿಸಿ ಗೆದ್ದದ್ದು.

ಇಷ್ಟರಲ್ಲಿ ಎದುರಿಗೆ ಒಬ್ಬ ಸಮಬಲದ ಸ್ಪರ್ಧಿ ನಿಂತಿದ್ದಳು: ದಕ್ಷಿಣ ಕೊರಿಯಾದ ಕಿಮ್ ಯೂನಾ. ಇಬ್ಬರೂ ಹುಟ್ಟಿದ್ದು ಒಂದೇ ತಿಂಗಳಲ್ಲಿ, ಇಪ್ಪತ್ತೇ ದಿನಗಳ ಅಂತರದಲ್ಲಿ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಮಾವೊ ಒಂದೇ ಸ್ಪರ್ಧೆಯಲ್ಲಿ ಮೂರು ಟ್ರಿಪಲ್ ಆಕ್ಸೆಲ್ ಮಾಡಿದಳು. ಯಾವ ಮಹಿಳೆಯೂ ಅದುವರೆಗೆ ಅದನ್ನು ಮಾಡಿರಲಿಲ್ಲ. ಆದರೂ ಆಕೆಗೆ ಸಿಕ್ಕಿದ್ದು 205.50 ಅಂಕ, ಬೆಳ್ಳಿ. ಒಂದೂ ಟ್ರಿಪಲ್ ಆಕ್ಸೆಲ್ ಮಾಡದ ಕಿಮ್‌ಗೆ 228.56 ಅಂಕ, ಚಿನ್ನ. ಅಪಾಯದ ಜಿಗಿತವನ್ನು ಹಟ ಹಿಡಿದು ಮಾಡಿದ್ದೇ ಆಕೆಯ ಸೋಲಿಗೆ ಕಾರಣ ಎಂದು ಹೇಳುವವರಿದ್ದಾರೆ. ಅಂಕಪಟ್ಟಿ ಹಾಗೆ ಹೇಳುವುದಿಲ್ಲ. ಮೂರು ಆಕ್ಸೆಲ್‌ಗಳಿಗೂ ಪೂರ್ತಿ ಮನ್ನಣೆ ಸಿಕ್ಕಿತ್ತು. ಆಕೆ ಎಡವಿದ್ದು ಅದಕ್ಕಿಂತ ಸುಲಭವಾದ ಎರಡು ಜಿಗಿತಗಳಲ್ಲಿ. ಜೊತೆಗೆ, ಲುಟ್ಸ್ ಎಂಬ ಜಿಗಿತವನ್ನು ಅಲಗಿನ ಹೊರ ಅಂಚಿನಿಂದ ಮಾಡಬೇಕು; ಮಾವೊಗೆ ಒಳ ಅಂಚಿನಿಂದ ಹಾರುವ ರೂಢಿ ಬಿದ್ದಿತ್ತು. ಸಾಲ್ಕೊ ಎಂಬುದನ್ನು ಆಕೆ ಹೆಚ್ಚಾಗಿ ಮಾಡುತ್ತಲೇ ಇರಲಿಲ್ಲ. ಆರು ಉಪಕರಣಗಳಲ್ಲಿ ಎರಡು ಮೊಂಡಾಗಿದ್ದವು ಅನ್ನಿ. ಕಿಮ್ ಎಲ್ಲಿಯೂ ತಪ್ಪಲಿಲ್ಲ, ವೇಗವನ್ನೂ ಬಿಡಲಿಲ್ಲ. ಆ ರಾತ್ರಿ ಆಕೆ ಗೆದ್ದದ್ದು ನ್ಯಾಯವಾಗಿಯೇ.

ಮುಂದಿನ ತಿಂಗಳು ಟುರಿನ್‌ನಲ್ಲಿ ಮಾವೊ ಎರಡನೆಯ ಬಾರಿ ವಿಶ್ವ ಚಾಂಪಿಯನ್ ಆದಳು. ಆಮೇಲೆ ಆಕೆ ಮಾಡಿದ ನಿರ್ಧಾರವೇ ನನಗೆ ಆಕೆಯ ಬದುಕಿನ ಅತಿ ದೊಡ್ಡ ವಿಷಯವಾಗಿ ಕಾಣುತ್ತದೆ. ಹಿರಿಯ ತರಬೇತುದಾರ ನೊಬುವೊ ಸಾತೊ ಅವರ ಬಳಿ ಹೋಗಿ, ಎಲ್ಲ ಜಿಗಿತಗಳನ್ನೂ ಮೊದಲಿನಿಂದ ಕಲಿಯಲು ಕುಳಿತಳು. ಇಪ್ಪತ್ತರ ಹರೆಯದಲ್ಲಿ, ವಿಶ್ವ ಪ್ರಶಸ್ತಿ ಕೈಯಲ್ಲಿರುವಾಗ! ಹಳೆಯ ರೂಢಿ ಬಿಡಿಸಿ ಹೊಸದನ್ನು ಹಿಡಿಯುವ ನಡುವೆ ಎರಡೂ ಇಲ್ಲದ ಒಂದು ಕಾಲ ಬರುತ್ತದೆ. 2010ರ ಅಕ್ಟೋಬರಿನಲ್ಲಿ ಎನ್‌ಎಚ್‌ಕೆ ಟ್ರೋಫಿ ಆಕೆಯ ಊರಾದ ನಗೋಯಾದಲ್ಲೇ ನಡೆಯಿತು. ತನ್ನ ಜನರ ಮುಂದೆ ವಿಶ್ವ ಚಾಂಪಿಯನ್ ಎಂಟನೆಯವಳಾದಳು. 2011ರಲ್ಲೂ 2012ರಲ್ಲೂ ವಿಶ್ವ ಸ್ಪರ್ಧೆಯಲ್ಲಿ ಆರನೆಯ ಸ್ಥಾನ.

ಇದರ ನಡುವೆ, 2011ರ ಡಿಸೆಂಬರಿನಲ್ಲಿ, ಕೆನಡಾದಲ್ಲಿ ಗ್ರಾಂಡ್ ಪ್ರಿ ಫೈನಲ್‌ಗೆ ಹೋಗಿದ್ದಾಗ ತಾಯಿಗೆ ತೀವ್ರ ಅಸ್ವಸ್ಥತೆ ಎಂಬ ಸುದ್ದಿ ಬಂತು. ಸ್ಪರ್ಧೆ ಬಿಟ್ಟು ಹೊರಟಳು. ಹತ್ತಿರ ಬಂದು ಮುಟ್ಟುವ ಮೊದಲೇ ತಾಯಿ ತೀರಿಕೊಂಡಿದ್ದರು. ಅದೇ ತಿಂಗಳ ಕೊನೆಯಲ್ಲಿ ನಡೆದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಮಾವೊ ಆಡಿದಳು, ಗೆದ್ದಳು ಕೂಡ.

ಈಗ 2014ರ ಸೋಚಿ ಒಲಿಂಪಿಕ್ಸ್‌ಗೆ ಬರೋಣ. ಸ್ಪರ್ಧೆಗೆ ಎರಡು ಭಾಗ: ಮೊದಲ ದಿನ ಕಿರು ಪ್ರದರ್ಶನ, ಮರುದಿನ ದೀರ್ಘ ಪ್ರದರ್ಶನ. ಎರಡರ ಅಂಕಗಳನ್ನೂ ಕೂಡುತ್ತಾರೆ. ಫೆಬ್ರವರಿ 19ರ ರಾತ್ರಿ ಮಾವೊ ಆಕ್ಸೆಲ್‌ನಲ್ಲಿ ಬಿದ್ದಳು, ಮುಂದಿನ ಜಿಗಿತಗಳೂ ಕೆಟ್ಟವು. 55.51 ಅಂಕ, 16ನೆಯ ಸ್ಥಾನ. ಪದಕ ಅಲ್ಲಿಗೇ ಮುಗಿಯಿತು. ಜಪಾನಿನ ಮಾಜಿ ಪ್ರಧಾನಿ ಯೊಶಿರೊ ಮೋರಿಯವರು, ಈ ಹುಡುಗಿ ಮುಖ್ಯವಾದ ಗಳಿಗೆಯಲ್ಲೇ ಬೀಳುತ್ತಾಳೆ ಎಂದು ಭಾಷಣದಲ್ಲಿ ಆಡಿದರು. ಅವರು ಆಗ ಟೋಕಿಯೊ ಒಲಿಂಪಿಕ್ಸ್ ಸಂಘಟನೆಯ ಮುಖ್ಯಸ್ಥರು ಬೇರೆ!

ಮರುದಿನ ಕೆಳಗಿನ ಸ್ಥಾನದವರ ಗುಂಪಿನಲ್ಲಿ, ಪದಕದ ಹುರಿಯಾಳುಗಳು ಅಂಗಳಕ್ಕೆ ಇಳಿಯುವುದಕ್ಕೆ ಬಹಳ ಮುಂಚೆ, ಆಕೆಯ ಸರದಿ. ರಾಖ್ಮನಿನೋವ್‌ನ ಎರಡನೆಯ ಪಿಯಾನೊ ಕನ್ಸರ್ಟೊ. ಸುರಕ್ಷಿತವಾದ ಸುಲಭ ಜಿಗಿತ ಮಾಡಿ ಮುಗಿಸಬಹುದಿತ್ತು. ಆಕೆ ಮೊದಲು ಎತ್ತಿಕೊಂಡದ್ದು ಟ್ರಿಪಲ್ ಆಕ್ಸೆಲ್. ಇಳಿದಳು, ನಿಂತಳು. ಆಮೇಲೆ ಒಂದರ ಹಿಂದೆ ಒಂದು, ಒಟ್ಟು ಎಂಟು ಟ್ರಿಪಲ್ ಜಿಗಿತಗಳು. ನಾಲ್ಕು ವರ್ಷ ಕೂತು ಸರಿಪಡಿಸಿದ ಲುಟ್ಸ್, ಸಾಲ್ಕೊ ಸೇರಿ ಆರೂ ಬಗೆಯವು. ಒಮ್ಮೆಯೂ ಬೀಳಲಿಲ್ಲ. ತೀರ್ಪುಗಾರರು ಲುಟ್ಸ್‌ನ ಅಂಚಿನಲ್ಲಿ ತಪ್ಪು ಹಿಡಿದರೆನ್ನುವುದೂ ನಿಜ, ಲೆಕ್ಕ ಲೆಕ್ಕವೇ. ಸಂಗೀತ ನಿಂತಾಗ ಮೇಲಕ್ಕೆ ಮುಖವೆತ್ತಿ ಅತ್ತಳು. 142.71 ಅಂಕ, ಆಕೆಯ ಅದುವರೆಗಿನ ಅತ್ಯುತ್ತಮ ಸಾಧನೆ. ಆ ದಿನದ ಪ್ರದರ್ಶನದಲ್ಲಿ ಮೂರನೆಯವಳು, ಕಂಚು ಪಡೆದ ಇಟಲಿಯ ಕರೊಲಿನಾ ಕೊಸ್ಟ್ನರ್‌ಗಿಂತ ಕೂದಲೆಳೆಯಷ್ಟು ಮುಂದೆ. ಒಟ್ಟಾರೆ ಆರನೆಯ ಸ್ಥಾನ. ಮೋರಿಯವರ ಮಾತಿನ ಬಗ್ಗೆ ಪತ್ರಕರ್ತರು ಕೇಳಿದಾಗ, ಬೇಕೆಂದು ಯಾರೂ ತಪ್ಪು ಮಾಡುವುದಿಲ್ಲ, ಅವರೇ ಈಗ ಸ್ವಲ್ಪ ಪಶ್ಚಾತ್ತಾಪ ಪಡುತ್ತಿರಬಹುದು ಎಂಬರ್ಥದಲ್ಲಿ ನಗುನಗುತ್ತಾ ಉತ್ತರಿಸಿದಳು.

ಮುಂದಿನ ತಿಂಗಳು ಸೈತಾಮಾದಲ್ಲಿ ಅದೇ ಕಿರು ಪ್ರದರ್ಶನಕ್ಕೆ 78.66 ಅಂಕ ಬಂತು. ಅದು ಆಗಿನ ವಿಶ್ವ ದಾಖಲೆ. ಮೂರನೆಯ ವಿಶ್ವ ಪ್ರಶಸ್ತಿಯೂ ಕೂಡಿ ಬಂತು. ಒಂದು ವರ್ಷ ವಿರಾಮ ತೆಗೆದುಕೊಂಡು ಮರಳಿದ ಮೇಲೆ ದೇಹ ಮೊದಲಿನಂತೆ ಒದಗಲಿಲ್ಲ. 2016ರ ರಾಷ್ಟ್ರೀಯ ಸ್ಪರ್ಧೆಯಲ್ಲಿ 12ನೆಯ ಸ್ಥಾನಕ್ಕಿಳಿದಳು. 2017ರ ಏಪ್ರಿಲ್‌ನಲ್ಲಿ ನಿವೃತ್ತಿ ಘೋಷಿಸಿದಳು. ಒಲಿಂಪಿಕ್ಸ್ ಚಿನ್ನ ಕೊನೆಗೂ ಸಿಗಲಿಲ್ಲ.

ಅರ್ಹತೆಯ ವಯಸ್ಸನ್ನು ಅಂತರರಾಷ್ಟ್ರೀಯ ಒಕ್ಕೂಟ 2022ರಲ್ಲಿ ಹದಿನೇಳಕ್ಕೆ ಏರಿಸಲು ತೀರ್ಮಾನಿಸಿತು. ಈಗ ಜಪಾನಿನಲ್ಲಿ ಇನ್ನೊಬ್ಬ ಮಾವೊ ಇದ್ದಾಳೆ, ಮಾವೊ ಶಿಮಾದಾ. 2008ರ ಅಕ್ಟೋಬರ್ 30ರಂದು ಹುಟ್ಟಿದ ಮಗುವಿಗೆ ಅಸಾದಾಳ ಹೆಸರನ್ನೇ ಇಟ್ಟರು. ಈಕೆಯೂ ಟ್ರಿಪಲ್ ಆಕ್ಸೆಲ್ ಮಾಡುತ್ತಾಳೆ. 2023, 2024, 2025ರಲ್ಲಿ ಸತತವಾಗಿ ಕಿರಿಯರ ವಿಶ್ವ ಚಾಂಪಿಯನ್ ಆದಳು. 2026ರ ಮಿಲಾನ್ ಒಲಿಂಪಿಕ್ಸ್‌ಗೆ 2025ರ ಜುಲೈ 1ಕ್ಕೆ ಮೊದಲು ಹದಿನೇಳು ತುಂಬಿರಬೇಕಿತ್ತು. ಈಕೆಗೆ ನಾಲ್ಕು ತಿಂಗಳು ಕಡಿಮೆ ಬಿತ್ತು.