ಪುಟದ ಅಡಿಯ ಪುಟ್ಟ ಸಾಲು

(ಸಂತ ಜೋಕಿಂ ಮತ್ತು ಸಂತ ಅನ್ನಮ್ಮನವರ ಹಬ್ಬದ ಪ್ರಯುಕ್ತ ಬಾಶೆಟ್ಟಿಹಳ್ಳಿಯ ಕುಟುಂಬಗಳಿಗೆ ನೀಡಿದ ಪ್ರಬೋಧನೆ)



ಜುಲೈ 26 ಮಾತೆ ಮರಿಯಮ್ಮನವರ ತಂದೆತಾಯಿಯರ, ಅಂದರೆ ಪ್ರಭು ಯೇಸುವಿನ ಅಜ್ಜ ಅಜ್ಜಿಯರ ಹಬ್ಬ. ನಾಲ್ಕೂ ಶುಭಸಂದೇಶಗಳನ್ನು ಓದಿದರೂ ಜೋಕಿಂ, ಅನ್ನಮ್ಮ ಎಂಬ ಹೆಸರುಗಳು ನಮಗೆ ಸಿಗುವುದಿಲ್ಲ. ಧರ್ಮಸಭೆಯ ಪರಂಪರೆ ಮಾತ್ರ ಅವನ್ನು ಕಾಪಾಡಿಕೊಂಡು ಬಂದಿದೆ. ಇಂದಿನ ಮೊದಲ ವಾಚನದಲ್ಲಿ ಸಿರಾಖನು ಪೂರ್ವಜರನ್ನು ಹೊಗಳುತ್ತಾನೆ. ಅವರ ಸತ್ಕಾರ್ಯಗಳು ಮರೆಯಾಗುವುದಿಲ್ಲ, ಅವರ ಆಸ್ತಿ ಸಂತತಿಯಲ್ಲಿ ಉಳಿಯುತ್ತದೆ ಎನ್ನುತ್ತಾನೆ.

ದಿನಪತ್ರಿಕೆ ಬಂದೊಡನೆ ನಾವು ನೋಡುವುದು ತಲೆಬರಹಗಳನ್ನು. ಆದರೆ ಪುಟದ ಅಡಿಯಲ್ಲಿ ಒಂದು ಪುಟ್ಟ ಸಾಲಿರುತ್ತದೆ: ಮುದ್ರಕರು ಯಾರು, ಪ್ರಕಾಶಕರು ಯಾರು, ಅಚ್ಚಾದದ್ದೆಲ್ಲಿ. ಬಹುಕಾಲ ಜಾರಿಯಲ್ಲಿದ್ದ 1867ರ ಕಾನೂನು ಇದನ್ನು ಕಡ್ಡಾಯ ಮಾಡಿತ್ತು. ಬರೆದವರು ಹಲವರು, ಆದರೆ ಅದಕ್ಕೆ ಉತ್ತರ ಕೊಡಬೇಕಾದವರ ಹೆಸರು ಅಲ್ಲಿ, ಅತಿ ಚಿಕ್ಕ ಅಕ್ಷರದಲ್ಲಿ.

ಕನ್ನಡ ನಾಡಿನಲ್ಲಿ ಈ ಕೆಲಸಕ್ಕೆ ದೀರ್ಘ ಚರಿತ್ರೆಯಿದೆ. 1843ರ ಜುಲೈ 1ರಂದು ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅವರು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಅದೇ ಕರಾವಳಿಯ ಮಣಿಪಾಲದಲ್ಲಿ 1970ರ ಜನವರಿ 1ರಂದು ‘ಉದಯವಾಣಿ’ ಆರಂಭವಾಯಿತು. ಅದರ ಸ್ಥಾಪಕರು ಟಿ. ಮೋಹನದಾಸ ಪೈ, ಡಾ. ಟಿ.ಎಂ.ಎ. ಪೈ ಅವರ ಹಿರಿಯ ಮಗ. 1933ರಲ್ಲಿ ಹುಟ್ಟಿದ ಅವರು 2022ರ ಜುಲೈ 31ರಂದು, 89ರ ವಯಸ್ಸಿನಲ್ಲಿ ತೀರಿಕೊಂಡರು. ಪತ್ರಿಕೆಗೆ ಆಗ 52 ವರ್ಷ ದಾಟಿತ್ತು. ಅವರು ನಮ್ಮ ವಿಶ್ವಾಸದವರಲ್ಲ. ಆದರೂ ಹಿರಿಯ ಮಗನಾಗಿ ಹುಟ್ಟುವುದೆಂದರೇನು, ತಾನು ಆರಂಭಿಸಿದ್ದು ತನ್ನ ನಂತರವೂ ನಡೆಯುವಂತಿರಬೇಕೆಂದರೇನು ಎಂದು ಇಂಥ ದೀರ್ಘ ಬಾಳು ನಮ್ಮನ್ನು ಯೋಚಿಸುವಂತೆ ಮಾಡುತ್ತದೆ.

ಹಿಂದೆ ಅಚ್ಚುಕೂಟದಲ್ಲಿ ಒಂದೊಂದೇ ಮೊಳೆ ಜೋಡಿಸುತ್ತಿದ್ದರು. ಮೊಳೆಯ ಮೇಲಿನ ಅಕ್ಷರ ತಿರುಗುಮುರುಗು; ಕಾಗದದ ಮೇಲೆ ಒತ್ತಿದಾಗಲೇ ಅದು ನೇರವಾಗಿ ಕಾಣುತ್ತಿತ್ತು. ನಮ್ಮ ಅಪ್ಪ, ತಾತಂದಿರ ಎಷ್ಟೋ ಮಾತುಗಳೂ ಹಾಗೆಯೇ. ಚಿಕ್ಕವರಿದ್ದಾಗ ಅವು ನಮಗೆ ಉಲ್ಟಾ ಕಂಡವು. ನಾವೇ ಮಕ್ಕಳನ್ನು ಹೆತ್ತು ಸಾಕುವಾಗ ಅವುಗಳನ್ನು ಸರಿಯಾಗಿ ಓದಲು ಕಲಿಯುತ್ತೇವೆ. ಅಷ್ಟರಲ್ಲಿ ಹೇಳಿದವರು ಇರುವುದಿಲ್ಲ.

ಪ್ರಿಯರೇ, ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವ ನಮಗೆ ಸಮಯವಿಲ್ಲ, ನಿಜ. ಕೆಲವರ ತಂದೆತಾಯಿ ಊರಿನಲ್ಲಿ ಒಬ್ಬೊಬ್ಬರೇ ಇದ್ದಾರೆ. ಕೆಲವರ ತಂದೆತಾಯಿ ಬಾಡಿಗೆ ಮನೆಯ ಒಂದು ಮೂಲೆಯಲ್ಲಿ, ನಮ್ಮ ಒಂದು ಮಾತಿಗಾಗಿ ಕಾದಿದ್ದಾರೆ. ತಿಂಗಳಿಗೊಮ್ಮೆ ಹಣ ಕಳಿಸಿದರೆ ಸಾಕೇ? 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಜುಲೈ ತಿಂಗಳ ನಾಲ್ಕನೆಯ ಭಾನುವಾರವನ್ನು ಅಜ್ಜ ಅಜ್ಜಿಯರ ಹಾಗೂ ವೃದ್ಧರ ದಿನವೆಂದು ಸಾರಿದ್ದು, ನಾವು ಅವರ ಬಳಿ ಹೋಗಿ ಕುಳಿತುಕೊಳ್ಳಲೆಂದೇ.

ಹಿರಿಯರಿಗೂ ಒಂದು ಮಾತು. ಒಳ್ಳೆಯ ಪತ್ರಿಕೆ ತಪ್ಪಾದರೆ ಮರುದಿನ ತಿದ್ದುಪಡಿ ಅಚ್ಚುಮಾಡುತ್ತದೆ. ಅದರಿಂದ ಅದರ ಮಾನ ಹೋಗುವುದಿಲ್ಲ, ನಂಬಿಕೆ ಹೆಚ್ಚುತ್ತದೆ. ಮನೆಯ ಯಜಮಾನನೂ ಮಗನ ಮುಂದೆ, ಸೊಸೆಯ ಮುಂದೆ ‘ನಾನು ತಪ್ಪಿದೆ’ ಎನ್ನಬಲ್ಲನೇ? ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣತಮ್ಮಂದಿರು ನಮ್ಮ ಕುಟುಂಬಗಳಲ್ಲಿಲ್ಲವೇ? ಪಾಪನಿವೇದನೆಯಲ್ಲಿ ದೇವರೆದುರು ಮಂಡಿಯೂರುವ ನಾವು ಮನೆಯಲ್ಲಿ ತಲೆಬಾಗಲು ಏಕೆ ನಾಚಬೇಕು?

ಮನೆಯ ಹಿರಿಯರ ಹೆಸರು ತಲೆಬರಹದಲ್ಲಿ ಬರಬೇಕಿಲ್ಲ. ಎಲ್ಲರ ಹೊಣೆ ಹೊತ್ತು ಪುಟದ ಅಡಿಯಲ್ಲಿದ್ದರೆ ಸಾಕು. ಜೋಕಿಂ ಅನ್ನಮ್ಮನವರಿಗೆ ಶುಭಸಂದೇಶದಲ್ಲಿ ಅಷ್ಟು ಜಾಗವೂ ಸಿಗಲಿಲ್ಲ. ಆದರೆ ಅವರ ಮಗಳು ದೇವರಿಗೆ ‘ಆಗಲಿ’ ಎಂದಳು. ಅವರ ಬಾಳು ಓದಲು ಸಿಗುವುದು ಅಲ್ಲೇ.

ಈ ಬಲಿಪೂಜೆಯ ನಂತರ ಮನೆಗೆ ಹೋದಾಗ, ದೂರದ ಹಿರಿಯರಿಗೆ ಫೋನ್ ಮಾಡೋಣ. ಹತ್ತಿರದವರ ಕೈ ಹಿಡಿಯೋಣ. ಅಗಲಿದವರಿಗಾಗಿ ಜಪಸರ ಹೇಳೋಣ. ಸಂತ ಜೋಕಿಂ ಮತ್ತು ಅನ್ನಮ್ಮನವರು ನಮಗಾಗಿ ಪ್ರಾರ್ಥಿಸಲಿ. ಆಮೆನ್.