ಎರಡು ನುಡಿಯ ಪೇಟೆಯಲ್ಲಿ ಉದ್ಯೋಗ



ಮಧೂರಿನಂತಹ ಊರುಗಳಲ್ಲಿ ಕನ್ನಡದಲ್ಲೇ ಓದಿದ ನಮ್ಮ ಮಕ್ಕಳು ಉದ್ಯೋಗವನ್ನರಸಿ ಕಾಸರಗೋಡು ಪೇಟೆಗೆ ಹೋಗಿ ನೆಲಸಿದಾಗ ಎದುರಾಗುವ ಮೊದಲ ಪ್ರಶ್ನೆ, "ಮಲಯಾಳ ಬರುತ್ತದೆಯೇ?" ಎಂಬುದು. 1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಸೇರಿದಂದಿನಿಂದ ಈ ಪ್ರಶ್ನೆ ನಮ್ಮ ಬೆನ್ನು ಬಿಟ್ಟಿಲ್ಲ. ಇದಕ್ಕಂಜಿ ನಮ್ಮಲ್ಲಿ ಕೆಲವರು ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸುವುದನ್ನೇ ನಿಲ್ಲಿಸಿರುವೆವು.

ಆದರೆ ಸಂವಿಧಾನದ 350ನೆಯ ವಿಧಿಯಂತೆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲನ್ನು ಸಲ್ಲಿಸಬಹುದು. ಕನ್ನಡದ ಅರ್ಜಿಯನ್ನು ಓದಬಲ್ಲ ಗುಮಾಸ್ತರು ಕಚೇರಿಗೆ ಬೇಕೇ ಬೇಕು. ಕೇರಳ ಲೋಕಸೇವಾ ಆಯೋಗವು ಕನ್ನಡ, ಮಲಯಾಳ ಎರಡನ್ನೂ ಬಲ್ಲವರಿಗಾಗಿ ಗುಮಾಸ್ತ ಹುದ್ದೆಗಳನ್ನು ಬೇರೆಯಾಗಿಯೇ ಪ್ರಕಟಿಸುವುದುಂಟು.

ಮಲಯಾಳವನ್ನು ಆದರದಿಂದ ಕಲಿಯೋಣ. ಕನ್ನಡವನ್ನು ತೊರೆದವರಿಗೆ ಈ ಹುದ್ದೆಯೂ ದೊರೆಯದೆಂಬುದನ್ನು ಮರೆಯದಿರೋಣ.