ಜಗಲಿಯ ಮೇಲಣ ಓಲೆಯ ಕಟ್ಟು

 

ಮಠದ ಮಹೋತ್ಸವದಲ್ಲಿ ಗುರುಪರಂಪರೆಯ ಉಪಕಾರಸ್ಮರಣೆಯು ಮೊದಲು ನಡೆಯತಕ್ಕದ್ದು. ಅದು ಯುಕ್ತವೂ ಹೌದು. ಆದರೆ ಮಠಕ್ಕೆ ಮಗನನ್ನು ಕೊಟ್ಟುದು ಮನೆ. ಜೋಳಿಗೆಗೆ ಜೋಳವನ್ನು ನೀಡಿದುದು ಮನೆ. ಗುರುವಿನ ಮಾತನ್ನು ತೊಟ್ಟಿಲ ಕೂಸಿನ ಕಿವಿಗೆ ಹಾಕಿದುದೂ ಮನೆಯೇ. ಇಂಥ ಮನೆಗಳ ಹೆಸರನ್ನು ಯಾವ ಶಿಲಾಶಾಸನವೂ ಹೊತ್ತಿಲ್ಲ. ವಚನವಾಙ್ಮಯವು ಇಂದು ನಾಡಿನ ಕೈಯಲ್ಲಿ ಉಳಿದಿರುವದಕ್ಕೆ ಇವುಗಳ ಋಣವು ಎಷ್ಟೆಂಬುದನ್ನು ಅರಿಯಬೇಕಾದರೆ ಲಿಂಗೈಕ್ಯ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಜೀವಿತವನ್ನು, ಅದರಲ್ಲಿಯೂ ಅವರ ಮನೆಯ ಮಾತನ್ನು, ನೆನೆಯುವದು ಒಳ್ಳೆಯದು. ಅವರ ಗ್ರಂಥಗಳ ಮಾತು ಬಹಳ ಕಡೆ ಬಂದಿದೆ. ಮನೆಯ ಮಾತು ಅಷ್ಟಾಗಿ ಬಂದಿಲ್ಲ.

ಹಳಕಟ್ಟಿಯವರು ೧೮೮೦ನೆಯ ಇಸವಿಯ ಜುಲೈ ೨ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು. ಪಾಠಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಮರಾಠಿಯ ಪ್ರಾಬಲ್ಯವು ಇನ್ನೂ ಅಳಿಯದಿದ್ದ ಆ ಕಾಲದಲ್ಲಿ ಕನ್ನಡದಲ್ಲಿ ಬರೆಯುವದೆಂದರೆ ಹಣವನ್ನೂ ಮನ್ನಣೆಯನ್ನೂ ಬಯಸದವರ ಕೆಲಸವಾಗಿತ್ತು. ತಾಯಿ ದಾನಾದೇವಿಯವರು ಮಗನಿಗೆ ಮೂರು ವರ್ಷವಾಗಿರುವಾಗಲೇ ಲಿಂಗೈಕ್ಯರಾದರು. ತಬ್ಬಲಿಯಾದ ಕೂಸನ್ನು ಅಜ್ಜಿಯು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದಳು. ತಾಯಿಯ ಮುಖದ ನೆನಪೂ ಸರಿಯಾಗಿ ನಿಲ್ಲದ ವಯಸ್ಸದು. ಅಂಥ ಮಗುವಿಗೆ ಒಂದು ಕಡೆಯಿಂದ ಅಜ್ಜಿಯ ಮಡಿಲು, ಇನ್ನೊಂದು ಕಡೆಯಿಂದ ಓದುಬರಹದಲ್ಲಿ ಮುಳುಗಿದ ತಂದೆಯ ಸನ್ನಿಧಾನ ದೊರೆತುವು. ಮುಂದೆ ಅವರು ಹಳೆಯ ಓಲೆಗಳನ್ನು ಮಕ್ಕಳನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡರೆಂದರೆ ಆಶ್ಚರ್ಯವಿಲ್ಲ.

ಮುಂಬಯಿಯಲ್ಲಿ ಉಚ್ಚಶಿಕ್ಷಣವನ್ನು ಮುಗಿಸಿ ೧೯೦೪ರಲ್ಲಿ ವಕೀಲಿಯ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಕೆಲಕಾಲ ಬೆಳಗಾವಿಯಲ್ಲಿದ್ದು, ಬಳಿಕ ಆಗ ವಿಜಾಪುರವೆನಿಸಿದ್ದ ಊರಿನಲ್ಲಿ ಅವರು ನೆಲೆನಿಂತರು. ಅಲ್ಲಿ ವಿದ್ಯಾಸಂಸ್ಥೆ, ಸಹಕಾರಿ ಬ್ಯಾಂಕು, ನಗರದ ಲೋಕೋಪಕಾರದ ಕಾರ್ಯಗಳು, ಎಲ್ಲದರಲ್ಲಿಯೂ ಅವರ ಕೈಯಿತ್ತು. ಅವನ್ನೆಲ್ಲ ಹೇಳತೊಡಗಿದರೆ ಅದೇ ಒಂದು ಗ್ರಂಥವಾದೀತು.

ಪ್ರಕೃತಕ್ಕೆ ಬೇಕಾದ ಸಂಗತಿ ೧೯೦೩ರದು. ಆ ವರ್ಷ ಹಳಕಟ್ಟಿಯವರು ರಬಕವಿ-ಬನಹಟ್ಟಿಯ ಸೀಮೆಯಲ್ಲಿ ಮಂಚಾಲೆ ಮನೆತನದವರಲ್ಲಿ ವಚನಗಳ ಓಲೆಯ ಕಟ್ಟುಗಳನ್ನು ಕಂಡರು. ಬನಹಟ್ಟಿಯೂ ರಬಕವಿಯೂ ನೇಕಾರರ ಊರುಗಳು. ಹಗಲೆಲ್ಲ ಮಗ್ಗದ ಸದ್ದು ಕೇಳುವ ಓಣಿಗಳು. ರಾಜರ ಭಂಡಾರದಲ್ಲಿಯೂ ಅಲ್ಲ, ಪಂಡಿತರ ಪುಸ್ತಕಾಲಯದಲ್ಲಿಯೂ ಅಲ್ಲ, ಇಂಥ ಊರಿನ ಒಂದು ಸಂಸಾರದ ಮನೆಯಲ್ಲಿ ಹನ್ನೆರಡನೆಯ ಶತಮಾನದ ಶರಣರ ನುಡಿಯು ಅವರಿಗೆ ಎದುರಾಯಿತು. ಕಲಿತ ಕಾನೂನನ್ನು ಹೊಟ್ಟೆಗೆ ಬಿಟ್ಟು, ಉಳಿದ ಆಯುಷ್ಯವನ್ನು ಅವರು ಈ ನುಡಿಗೇ ಮುಡುಪಾಗಿಟ್ಟರು.

ಆ ಕಟ್ಟುಗಳು ಮನೆಗಳಲ್ಲಿ ಹೇಗೆ ಉಳಿದುವೆಂಬುದನ್ನು ಇಂದಿನ ತರುಣರು ತಿಳಿಯಬೇಕು. ತಾಳೆಯ ಗರಿಯನ್ನು ಕೊಯ್ದು, ನೀರಿನಲ್ಲಿ ಕುದಿಸಿ, ನೆರಳಿನಲ್ಲಿ ಒಣಗಿಸಿ, ಉಜ್ಜಿ ನುಣುಪು ಮಾಡಿ, ಒಂದೇ ಅಳತೆಗೆ ಕತ್ತರಿಸುತ್ತಿದ್ದರು. ಬರೆಯುವವನು ಗರಿಯನ್ನು ಎಡಗೈಯಲ್ಲಿ ಹಿಡಿದು ಕಬ್ಬಿಣದ ಕಂಟದಿಂದ ಅಕ್ಷರವನ್ನು ಕೊರೆಯುವನು. ಕೊರೆದಾಗ ಅಕ್ಷರವು ಕಣ್ಣಿಗೆ ಕಾಣದು. ಎಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಮೇಲೆ ಸವರಿ ಒರೆಸಿದ ಬಳಿಕವೇ ಕಪ್ಪಾಗಿ ಎದ್ದು ಬರುವದು. ಗರಿಗಳಿಗೆ ರಂಧ್ರವನ್ನು ಮಾಡಿ ದಾರವನ್ನು ಪೋಣಿಸಿ, ಮೇಲೊಂದು ಕೆಳಗೊಂದು ಮರದ ಹಲಗೆಯನ್ನಿಟ್ಟು, ಬಟ್ಟೆಯಲ್ಲಿ ಸುತ್ತಿದರೆ ಕಟ್ಟಾಯಿತು. ಇಷ್ಟಾದರೂ ಈ ನಾಡಿನ ಹವೆಯಲ್ಲಿ ಹುಳುವಿನಿಂದಲೂ ತೇವದಿಂದಲೂ ಗರಿಗೆ ಆಯುಷ್ಯವು ಸ್ವಲ್ಪ. ಕೆಲವು ಶತಮಾನಗಳಿಗೊಮ್ಮೆಯಾದರೂ ಹಳೆಯ ಗರಿಯನ್ನು ನೋಡಿ ಹೊಸ ಗರಿಯ ಮೇಲೆ ಪ್ರತಿಮಾಡದಿದ್ದರೆ ಗ್ರಂಥವೇ ನಷ್ಟವಾಗುವದು. ಎಂದರೆ, ಇಂದು ಕೈಗೆ ಸಿಕ್ಕಿದ ಒಂದೊಂದು ವಚನವೂ ಅಜ್ಜನಿಂದ ಮೊಮ್ಮಗನಿಗೆ, ಗುರುವಿನಿಂದ ಶಿಷ್ಯನಿಗೆ, ಎಷ್ಟೋ ಕೈಗಳನ್ನು ದಾಟಿ ಬಂದುದು.

ಆ ಕೈಗಳಲ್ಲಿ ಹೆಂಗಸರ ಕೈಯನ್ನು ಎಣಿಸಲು ಎಲ್ಲರೂ ಮರೆಯುತ್ತಾರೆ. ದಕ್ಷಿಣದೇಶದ ಎಷ್ಟೋ ಮನೆಗಳಲ್ಲಿ ಓಲೆಯ ಕಟ್ಟನ್ನು ಅಡುಗೆಮನೆಯ ಅಟ್ಟದ ಮೇಲೆ ಇಡುತ್ತಿದ್ದರು. ಒಲೆಯ ಹೊಗೆಯು ತಾಗಿದ ಗರಿಗೆ ಹುಳುವಿನ ಬಾಧೆಯು ಕಡಿಮೆ. ರೊಟ್ಟಿ ಬಡಿಯುತ್ತ ಕೂತ ತಾಯಿಯ ಒಲೆಯೇ ಅಲ್ಲಮಪ್ರಭುವಿನ ಮಾತನ್ನು ಕಾಯ್ದಿತೆಂದು ಹೇಳಿದರೆ ಅದು ಅಲಂಕಾರದ ಮಾತಲ್ಲ, ವಸ್ತುಸ್ಥಿತಿ. ಅವಳಿಗೆ ಅಕ್ಷರವು ಬಾರದಿರಬಹುದು. ಅಕ್ಷರ ಬಲ್ಲವರು ಮರೆತುದನ್ನು ಅವಳು ಉಳಿಸಿದಳು. ಬೇರೆ ಮನೆಗಳಲ್ಲಿ ಕಟ್ಟು ಜಗಲಿಯ ಮೇಲೇರಿ ವಿಭೂತಿಯನ್ನೂ ಪತ್ರಿಯನ್ನೂ ಧರಿಸಿ ಕುಳಿತಿರುತ್ತಿತ್ತು. ‘ಇದು ಮುತ್ತ್ಯಾನ ಕಾಲದ್ದು’ ಎಂಬ ಒಂದು ಮಾತೇ ಅದರ ರಕ್ಷೆಯಾಗಿತ್ತು.

ಆದರೆ ಸತ್ಯವನ್ನು ಪೂರ್ಣವಾಗಿಯೇ ಹೇಳಬೇಕು. ಯಾವ ಭಕ್ತಿಯು ಕಟ್ಟನ್ನು ಉಳಿಸಿತೋ ಅದೇ ಭಕ್ತಿಯು ಅದನ್ನು ಬಿಚ್ಚಗೊಡಲಿಲ್ಲ. ಪೂಜೆಗೆ ಯೋಗ್ಯವಾದುದು ಓದುವದಕ್ಕೆ ಯೋಗ್ಯವಲ್ಲವೆಂಬ ಭಾವನೆಯು ಬೆಳೆಯಿತು. ಪರರ ಕೈಗೆ ಕೊಟ್ಟರೆ ಮನೆಯ ಸಿರಿಯು ಹೋದೀತೆಂಬ ಅಂಜಿಕೆಯೂ ಇದ್ದಿತು. ಮುರಿದ ಗರಿಗಳನ್ನು ಹೊಳೆಗೆ ಬಿಡುವ ಪದ್ಧತಿಯಂತೂ ಅತ್ಯಂತ ಶೋಚನೀಯವಾದುದು. ಹಿರಿಯರ ಮೇಲಿನ ಗೌರವದಿಂದಲೇ ಹಿರಿಯರ ಮಾತು ಕೃಷ್ಣೆಯ, ಮಲಪ್ರಭೆಯ ಪಾಲಾಯಿತು! ಉಪಕಾರಸ್ಮರಣೆಯೆಂಬುದು ಕೇವಲ ಕೈಮುಗಿಯುವದರಲ್ಲಿ ನಿಂತರೆ ಎಂಥ ಹಾನಿಯು ಸಂಭವಿಸುವದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಡ.

ಹಳಕಟ್ಟಿಯವರ ಕಾರ್ಯದ ನಿಜವಾದ ಕಷ್ಟವು ಇಲ್ಲಿಯೇ ಇದ್ದಿತು. ಅವರು ಊರೂರು ಅಲೆದು, ಮನೆಮನೆಯ ಬಾಗಿಲಲ್ಲಿ ನಿಂತು, ಮಠಗಳಲ್ಲಿ ಬಿನ್ನವಿಸಿ, ಕಟ್ಟುಗಳನ್ನು ಕೂಡಿಸಿದರು. ಹಣದಿಂದ ಕೊಳ್ಳಲಾಗದ ವಸ್ತು ಅದು. ವಿಶ್ವಾಸದಿಂದ ಮಾತ್ರ ದೊರಕತಕ್ಕದ್ದು. ಕೈಗೆ ಬಂದ ಬಳಿಕ ಓದುವದು ಮತ್ತೊಂದು ತಪಸ್ಸು. ಓಲೆಯಲ್ಲಿ ಪದಕ್ಕೂ ಪದಕ್ಕೂ ನಡುವೆ ಎಡೆಯಿಲ್ಲ. ವಾಕ್ಯವು ಎಲ್ಲಿ ಮುಗಿಯಿತೆಂಬ ಗುರುತು ಕಾಣದು. ಒಬ್ಬರ ವಚನವು ಇನ್ನೊಬ್ಬರದರೊಡನೆ ಬೆರೆತಿರುವದು. ಇಂಥಲ್ಲಿ ಯಾರ ಮಾತು ಯಾರದೆಂದು ತಿಳಿಸುವ ಕೈದೀಪವು ಅಂಕಿತವೊಂದೇ. ಕೂಡಲಸಂಗಮದೇವನೆಂದರೆ ಬಸವಣ್ಣ, ಗುಹೇಶ್ವರನೆಂದರೆ ಪ್ರಭುದೇವ, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕ.

ಅಂಕಿತದ ಮಾತು ಬಂದುದರಿಂದ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುವದು ಒಳಿತು. ಅದು ಸಂಸಾರದ ಋಣಕ್ಕೇ ಸಂಬಂಧಪಟ್ಟದ್ದು. ಬಸವಣ್ಣನವರ ಅಕ್ಕ ನಾಗಲಾಂಬಿಕೆಯ ಅಂಕಿತವು ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’ ಎಂಬುದು. ದೇವರ ಹೆಸರಿನ ಮಗ್ಗುಲಲ್ಲಿ ತಮ್ಮನ ಹೆಸರು! ಆಯ್ದಕ್ಕಿ ಮಾರಯ್ಯನ ಅಂಕಿತವು ‘ಅಮರೇಶ್ವರಲಿಂಗ’. ಅವನ ಧರ್ಮಪತ್ನಿ ಲಕ್ಕಮ್ಮನದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಶರಣ. ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದವಳು ಲಕ್ಕಮ್ಮ. ಗಂಡನನ್ನು ಹೀಗೆ ತಿದ್ದಿದವಳೇ ಗಂಡನ ಹೆಸರನ್ನು ತನ್ನ ಪ್ರತಿಯೊಂದು ವಚನದ ಕೊನೆಗೆ ಇಟ್ಟುಕೊಂಡಳು. ತಪ್ಪನ್ನು ಕಂಡು ಹೇಳುವ ನಿಷ್ಠುರತೆಗೂ ಉಪಕಾರವನ್ನು ನೆನೆಯುವ ಪ್ರೀತಿಗೂ ವಿರೋಧವಿಲ್ಲೆಂಬುದನ್ನು ಆ ಒಂದು ಅಂಕಿತವೇ ತೋರಿಸುವದು. ಸಂಸಾರವನ್ನು ತೊರೆದವರಿಗೆ ಮಾತ್ರ ಅಧ್ಯಾತ್ಮವೆಂದು ವಾದಿಸುವವರು ಈ ಅಂಕಿತಗಳನ್ನು ಒಮ್ಮೆ ಓದಿ ನೋಡಬೇಕು.

ಹೀಗೆ ಕೂಡಿಸಿದ ಓಲೆಗಳಿಂದ ಹಳಕಟ್ಟಿಯವರು ಸಿದ್ಧಪಡಿಸಿದ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ೧೯೨೩ರಲ್ಲಿ ಬೆಳಕು ಕಂಡಿತು. ಅವರ ಮೊದಲು ಐವತ್ತರಷ್ಟು ವಚನಕಾರರ ಹೆಸರು ಮಾತ್ರ ತಿಳಿದಿದ್ದುವೆಂದೂ, ಅವರ ಶೋಧದಿಂದ ಆ ಸಂಖ್ಯೆಯು ೨೫೦ನ್ನು ಮೀರಿತೆಂದೂ ಎಣಿಸುತ್ತಾರೆ. ಆದರೆ ಕೂಡಿಸಿದ್ದೆಲ್ಲವನ್ನೂ ಅಚ್ಚು ಹಾಕಿಸುವ ಬಗೆ ಹೇಗೆ? ಪರರ ಮುದ್ರಣಾಲಯವನ್ನು ನಂಬಿ ಕುಳಿತರೆ ಆಯುಷ್ಯವು ಸಾಲದು. ಆಗ ಅವರು ೧೯೨೫ರಲ್ಲಿ ತಮ್ಮ ಸ್ವಂತ ಮನೆಯನ್ನು ಮಾರಿ, ಆ ಹಣದಿಂದ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯು ಹೊರಟಿತು. ೧೯೨೭ರಲ್ಲಿ ‘ನವಕರ್ನಾಟಕ’ ವಾರಪತ್ರಿಕೆ. ಅದೇ ೧೯೨೬ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯೂ ಅವರಿಗೆ ಬಂದಿತು. ಇತ್ತ ಅಧ್ಯಕ್ಷಪೀಠ, ಅತ್ತ ಬಾಡಿಗೆಯ ಮನೆ.

‘ಮನೆಯನ್ನು ಮಾರಿ ಮುದ್ರಣಾಲಯವನ್ನು ಸ್ಥಾಪಿಸಿದರು’ ಎಂಬ ವಾಕ್ಯವನ್ನು ಚರಿತ್ರಕಾರರು ಒಂದೇ ಉಸಿರಿನಲ್ಲಿ ಬರೆದು ಮುಂದೆ ಸಾಗುತ್ತಾರೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಮಾರಿದ ಮನೆಯು ಒಬ್ಬರದಾಗಿರಲಿಲ್ಲ. ಅದರಲ್ಲಿ ಹೆಂಡತಿಯು ದೀಪ ಹಚ್ಚುತ್ತಿದ್ದಳು, ಮಕ್ಕಳು ಆಡುತ್ತಿದ್ದರು. ವಕೀಲಿಯಲ್ಲಿ ಹಣವನ್ನು ಗಳಿಸಬಹುದಾದ ಗೃಹಸ್ಥನು ಹುಳು ತಿಂದ ಗರಿಗಳ ಸಲುವಾಗಿ ತಲೆಯ ಮೇಲಿನ ಮಾಳಿಗೆಯನ್ನು ಕಳೆದುಕೊಂಡರೆ, ಅದರ ಬಿಸಿಯು ಮೊದಲು ತಟ್ಟುವದು ಒಲೆಯ ಮುಂದೆ ಕೂತವಳಿಗೆ. ತ್ಯಾಗದ ಕೀರ್ತಿಯು ಯಜಮಾನನಿಗೆ ಬರುವದು, ತ್ಯಾಗದ ಕಷ್ಟವು ಮನೆಮಂದಿಗೆ ಹಂಚಿಹೋಗುವದು. ಇದು ಲೋಕರೂಢಿ. ಆದುದರಿಂದ ಹಳಕಟ್ಟಿಯವರಿಗೆ ಅರ್ಪಿಸಿದ ಹಾರದಲ್ಲಿ ಅರ್ಧವು ಅವರ ಸಂಸಾರಕ್ಕೆ ಸಲ್ಲತಕ್ಕದ್ದೆಂಬುದರಲ್ಲಿ ಸಂದೇಹವಿಲ್ಲ. ವಿಚಾರಿಸಿ ನೋಡಿದರೆ ಇದೊಂದು ವಿಚಿತ್ರವಾದ ಲೆಕ್ಕ. ನೂರಾರು ಮನೆಗಳು ಶತಮಾನಗಟ್ಟಲೆ ಕಾಯ್ದಿಟ್ಟ ಒಡವೆಯನ್ನು ಲೋಕಕ್ಕೆ ಕೊಡುವ ಸಲುವಾಗಿ ಒಂದು ಮನೆಯು ಇಲ್ಲವಾಯಿತು.

ಹಳಕಟ್ಟಿಯವರು ೧೯೬೪ರಲ್ಲಿ ಲಿಂಗೈಕ್ಯರಾದರು. ಅದಕ್ಕೆ ಮುಂಚೆ, ೧೯೫೬ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟು ಪದವಿಯನ್ನಿತ್ತು ಅವರನ್ನು ಸನ್ಮಾನಿಸಿತು. ಅವರು ಹಾಕಿದ ಅಡಿಪಾಯದ ಮೇಲೆ ಅನೇಕ ವಿದ್ವಾಂಸರು ದುಡಿದರು. ೧೯೯೩ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಂಪುಟಗಳನ್ನು ಪ್ರಕಟಿಸಿತು. ಅವು ಒಟ್ಟು ೧೫ ಸಂಪುಟಗಳು. ಅವುಗಳಲ್ಲಿಯ ವಚನಗಳು ೨೦,೦೦೦ಕ್ಕೂ ಮಿಕ್ಕವು. ಜುಲೈ ೨ನೆಯ ದಿನವು ಈಗ ವಚನಸಾಹಿತ್ಯದ ಸಂರಕ್ಷಣೆಯ ದಿನವಾಗಿ ಆಚರಿಸಲ್ಪಡುತ್ತಿದೆ. ಇವೆಲ್ಲವೂ ಸಂತೋಷದ ಸಂಗತಿಗಳೇ.

ಆದರೆ ಅಚ್ಚಾದ ಗ್ರಂಥವು ಬಂದಿತೆಂದು ಓಲೆಯ ಕಟ್ಟಿನ ಋಣವು ತೀರಿತೆನ್ನಲಾಗದು. ಹಳ್ಳಿಯ ಮನೆಗಳು ಪಾಲಾಗುತ್ತಿವೆ. ಮಾಳಿಗೆಯ ಮನೆಯನ್ನು ಕೆಡವಿ ಸಿಮೆಂಟಿನ ಮನೆಯನ್ನು ಕಟ್ಟಿಸುವಾಗ ಅಟ್ಟದ ಮೇಲಿನ ಹಳೆಯ ಗಂಟನ್ನು ಬಿಚ್ಚಿ ನೋಡುವ ವ್ಯವಧಾನವು ಯಾರಿಗೂ ಇರುವದಿಲ್ಲ. ಹಾಗೆಂದು ಮಕ್ಕಳನ್ನು ಹಳಿದು ಫಲವಿಲ್ಲ. ಗಂಟಿನಲ್ಲಿ ಏನಿದೆಯೆಂದು ಅವರಿಗೆ ಹೇಳಿದವರಾರು? ಓಲೆಯನ್ನು ಓದಬಲ್ಲವರು ವಿರಳರಾದರು. ಓದಬಲ್ಲ ಅಜ್ಜನು ಮೊಮ್ಮಗನಿಗೆ ಕಲಿಸಲಿಲ್ಲ, ಮೊಮ್ಮಗನೂ ಕೇಳಲಿಲ್ಲ. ಮನೆಯಲ್ಲಿ ಕಾಪಾಡಲು ಅನುಕೂಲವಿಲ್ಲದವರು ಕಟ್ಟನ್ನು ಮಠದ ಭಂಡಾರಕ್ಕಾಗಲಿ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕಾಗಲಿ ಒಪ್ಪಿಸಬಹುದು. ಅಗಲಲು ಮನಸ್ಸೊಪ್ಪದವರು ಒಂದೊಂದು ಗರಿಯ ಛಾಯಾಚಿತ್ರವನ್ನು ತೆಗೆಯಿಸಿ ಕಟ್ಟನ್ನು ಪುನಃ ಅದೇ ಬಟ್ಟೆಯಲ್ಲಿ ಸುತ್ತಿ ಜಗಲಿಯ ಮೇಲಿಡಬಹುದು. ಪೂಜೆಗೂ ಭಂಗವಿಲ್ಲ, ಗ್ರಂಥವೂ ಉಳಿಯುವದು. ಬಾಗಿಲಿಗೆ ಬಂದು ಬೇಡುವದಕ್ಕೆ ಈಗ ಇನ್ನೊಬ್ಬ ಹಳಕಟ್ಟಿಯವರು ಇಲ್ಲವಾದ್ದರಿಂದ ಮನೆಯವರೇ ಎರಡು ಹೆಜ್ಜೆ ಮುಂದೆ ಬರಬೇಕಾಗಿದೆ.

ಅಂಥ ಕಟ್ಟು ಯಾರ ಮನೆಯಲ್ಲಾದರೂ ಇದ್ದರೆ ಅದರ ಕಡೆಯ ಗರಿಯನ್ನು ವಿಶೇಷವಾಗಿ ನೋಡತಕ್ಕದ್ದು. ಗ್ರಂಥವು ಮುಗಿದ ಬಳಿಕ ಲಿಪಿಕಾರನು ಅಲ್ಲಿ ಸಂವತ್ಸರವನ್ನೂ ಮಾಸವನ್ನೂ ತಿಥಿವಾರಗಳನ್ನೂ ಬರೆದು, ತನ್ನ ಹೆಸರನ್ನೂ ಯಾರಿಗೋಸ್ಕರ ಬರೆದನೆಂಬುದನ್ನೂ ಹೇಳುವ ವಾಡಿಕೆಯುಂಟು. ಬಗ್ಗಿದ ಬೆನ್ನು, ನೊಂದ ಕೊರಳು, ಮಸುಳಿದ ಕಣ್ಣುಗಳ ಮಾತನ್ನು ಆಡಿ, ತಪ್ಪಿದ್ದರೆ ತಿದ್ದಿಕೊಳ್ಳಿರೆಂದು ಓದುವವರನ್ನು ಬೇಡಿಕೊಳ್ಳುವದೂ ಉಂಟು. ಅಚ್ಚಿನ ಪುಸ್ತಕಗಳಲ್ಲಿ ಆ ಗರಿಯು ಎಷ್ಟೋ ಸಲ ಬಿಟ್ಟುಹೋಗಿದೆ. ಮನೆಯ ಕಟ್ಟಿನಲ್ಲಿ ಅದು ಇನ್ನೂ ಇರುವದು, ಮತ್ತು ಅಲ್ಲಿ ಬರೆದ ಹೆಸರು ಆ ಮನೆಯ ಹಿರಿಯರೊಬ್ಬರದೇ ಆಗಿರಬಹುದು.